ಜೇಬಿನಲ್ಲಿ ಸತ್ತ ಮೇಸ್ತ್ರಿ

ಕಬ್ಬಿನ ಲಾರಿ ನೇರ ನನ್ನ ಮೇಲೇ ಬಂತು!

ಬೈಕನ್ನು ಎಡಕ್ಕೆ ಎಳೆದೆ. ಕಬ್ಬಿನ ಸೋಗೆ ಭುಜ ಸವರಿಕೊಂಡು ಹೋಯಿತು. ಡ್ರೈವರ್ ನನ್ನ ವಂಶವನ್ನೆಲ್ಲ ಬೈದ. ನಾನು ನಿಲ್ಲಲಿಲ್ಲ.

ಮುಂದೆ ಆ ಬಿಳಿ ಸ್ಕೂಟರ್... ಹಿಂದಿನ ಸೀಟಿಗೆ ಹಗ್ಗ ಬಿಗಿದ ಥರ್ಮೊಕೋಲ್ ಡಬ್ಬ. ಸುತ್ತೂರು ದಾಟಿ ಟಿ. ನರಸೀಪುರದ ಕಡೆ ಓಡುತ್ತಿತ್ತು.

ನಾನು ರಂಗಸ್ವಾಮಿ. ನಂಜನಗೂಡು ಇಂಡಸ್ಟ್ರಿಯಲ್ ಏರಿಯಾದ ಒಂದು ಔಷಧಿ ಕಂಪನಿಯಲ್ಲಿ ಸೆಕ್ಯೂರಿಟಿ ಅಂತ ಹೆಸರು. ಕೆಲಸ ಬೇರೆ. ಕಳುವಾದದ್ದನ್ನು ತರುವುದು, ಬಾಯಿ ಬಿಡದವರ ಬಾಯಿ ಬಿಡಿಸುವುದು. ಹೇಗೆ ಅಂತ ಯಾರೂ ಕೇಳುವುದಿಲ್ಲ. ನೀವೂ ಕೇಳಬೇಡಿ.

ಅಂದು ಮಧ್ಯಾಹ್ನ ಲ್ಯಾಬ್ ಮ್ಯಾನೇಜರ್ ಕರಿಯಪ್ಪ ನನ್ನನ್ನು ಕರೆದು ಹೇಳಿದ್ದು ಇಷ್ಟೇ.

“ನಮ್ ಲ್ಯಾಬಿನ ಆ ಕವನ, ಸ್ಯಾಂಪಲ್ ಕದ್ಕಂಡು ನರ್ಸೀಪುರದ ಕಡೆ ಓಗವ್ಳೆ ಕಣಯ್ಯ. ಬೇರೆ ಕಂಪನಿಗೆ ಮಾರ್ಬುಡ್ತಾಳೆ. ಯಾರ ಮಗ್ಳು ಗೊತ್ತಲ್ಲ? ನಿಮ್ಮೂರ ಹುಚ್ಚಯ್ಯನ ಮಗ್ಳು!”

ಹುಚ್ಚಯ್ಯ ನಮ್ಮ ಗದ್ದೆಯಲ್ಲಿ ಕೂಲಿ ಮಾಡಿದವನು. ಮಗಳನ್ನು ಲ್ಯಾಬಿನ ಬಿಳಿ ಕೋಟಿನವರೆಗೂ ಓದಿಸಿದವನು. ಆ ಹೆಸರು ಕಿವಿಗೆ ಬಿದ್ದದ್ದೇ ತಡ, ನಾನು ಬೈಕ್ ಕಿಕ್ ಹೊಡೆದಿದ್ದೆ. ಒಂದೇ ಒಂದು ಪ್ರಶ್ನೆ ಕೇಳಲಿಲ್ಲ, ಸ್ವಾಮಿ.

ನಾಲೆ ಸೇತುವೆ ಬಳಿ ಬೈಕ್ ಅಡ್ಡ ಹಾಕಿದೆ. ಸ್ಕೂಟರ್ ಜಾರಿತು. ಕವನ ಜಲ್ಲಿಯ ಮೇಲೆ ಬಿದ್ದಳು. ಮೊಣಕೈ ತರಚಿ ರಕ್ತ ಬಂತು. ಅವಳು ಅದನ್ನು ನೋಡಲಿಲ್ಲ. ಡಬ್ಬವನ್ನು ತಬ್ಬಿಕೊಂಡಳು.

“ರಂಗಸ್ವಾಮಣ್ಣ! ನೀವಾ? ಅಬ್ಬ... ಯಾರೋ ಕಳ್ಳ್ರು ಅನ್ಕೊಂಡೆ!”

“ಕೊಡು ಇತ್ಲಾಗೆ!”

“ಅಣ್ಣ, ಮುಚ್ಚಳ ತೆಗೀಬೇಡಿ! ಲ್ಯಾಬಲ್ಲಿ ಫ್ರೀಜರ್...”

“ಕತೆ ಕಟ್ಬ್ಯಾಡ! ಬಾಯ್ಮುಚ್ಚು!”

ಕಸಿದುಕೊಂಡೆ. ತಳ ಕಾಣುವವರೆಗೂ ಯಾವ ಡಬ್ಬವನ್ನೂ ನಂಬಬಾರದು, ಅದು ನನ್ನ ತಪಾಸಣೆಯ ಕ್ರಮ. ತಲೆಕೆಳಗು ಮಾಡಿ ಸುರಿದೆ. ಐಸ್ ಎಲ್ಲ ಟಾರ್ ರಸ್ತೆಗೆ! ಸುಡುಬೇಸಿಗೆ... ಕಣ್ಣೆದುರೇ ಕರಗಿ ಹರಿಯತೊಡಗಿತು. ಉಳಿದದ್ದು ಕಿರುಬೆರಳ ಗಾತ್ರದ ಕೆಲವು ಪ್ಲಾಸ್ಟಿಕ್ ಟ್ಯೂಬು. ಒಂದೂ ಕಳೆಯಬಾರದು ಎಂದು ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿದೆ. ಎದೆಗೆ ಆನಿಸಿಕೊಂಡು, ಭದ್ರವಾಗಿ!

“ಅಣ್ಣ, ಬಿಸಿ ಆಗ್ಬಾರ್ದು! ಅಣ್ಣ!”

ಅವಳನ್ನು ಅಲ್ಲೇ ಬಿಟ್ಟು ವಾಪಸ್ ಹೊರಟೆ. ಸುತ್ತೂರಿನ ಹತ್ತಿರ ಸಿಗ್ನಲ್ ಸಿಕ್ಕಿತು. ಕರಿಯಪ್ಪನಿಗೆ ಫೋನ್ ಮಾಡಿದೆ.

“ಸಾ, ಮಾಲು ಸಿಕ್ತು! ಐಸು ಚೆಲ್ಲೋಯ್ತು. ಈಗ್ಲೇ ಓಡ್ಬತ್ತೀನಿ.”

“ಆತ್ರ ಯಾಕ್ಲಾ? ಎಲ್ಲಾರ ಕುಂತು ಟೀ ಕುಡಿ. ಬಿಸ್ಲು ಇಳುದ್ ಮ್ಯಾಲೆ ಬಾ.”

ಫೋನ್ ಇಟ್ಟ.

ಕಳುವಾದ ಮಾಲು ಸಿಕ್ಕಿತು ಎಂದಾಗ ಯಾವ ಮ್ಯಾನೇಜರೂ ಟೀ ಕುಡಿ ಅನ್ನುವುದಿಲ್ಲ. ಇವನಿಗೆ ಮಾಲು ಬೇಕಾಗಿಲ್ಲ. ಅದು ಹಾಳಾಗಬೇಕು... ಅವಳ ತಲೆಗೆ ಬರಬೇಕು! ಜೇಬು ಮುಟ್ಟಿ ನೋಡಿಕೊಂಡೆ. ಟ್ಯೂಬುಗಳು ನನ್ನ ಮೈಯಷ್ಟೇ ಬಿಸಿಯಾಗಿದ್ದವು.

ಬೈಕ್ ತಿರುಗಿಸಿದೆ.

ಕವನ ಇನ್ನೂ ಅಲ್ಲೇ ಇದ್ದಳು. ರಸ್ತೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಕರಗದೆ ಉಳಿದ ಐಸ್ ಚೂರುಗಳನ್ನು ಡಬ್ಬಕ್ಕೆ ಬಳಿಯುತ್ತಿದ್ದಳು. ನನ್ನ ಮುಖ ಸುಟ್ಟ ಹಾಗಾಯಿತು.

“ಏನಮ್ಮ ಇದು?”

ಅವಳು ಟ್ಯೂಬುಗಳನ್ನು ಕಿತ್ತುಕೊಂಡು ಐಸಿಗೆ ಸಿಕ್ಕಿಸಿದಳು.

“ಬ್ಯಾಕ್ಟೀರಿಯಾ ಸುತ್ತ ಒಂದು ಗೋಡೆ ಇರುತ್ತೆ. ಅದನ್ನ ಕಟ್ಟೋ ಮೇಸ್ತ್ರಿ ಈ ಟ್ಯೂಬಲ್ಲಿರೋ ಎಂಜೈಮು. ಮೇಸ್ತ್ರಿ ಕೈ ಕಟ್ಟಾಕಿದ್ರೆ ಗೋಡೆ ಏಳಲ್ಲ, ಬ್ಯಾಕ್ಟೀರಿಯಾ ಒಡ್ದು ಸಾಯುತ್ತೆ. ನಮ್ಮ ಮೈಯೊಳಗಿನ ಕೋಶಕ್ಕೆ ಗೋಡೇನೇ ಇಲ್ಲ, ನಮಗೇನೂ ಆಗಲ್ಲ. ಆಪರೇಷನ್ ಆದ ಬಾಣಂತೀರಿಗೆ ಹೊಲಿಗೆ ಕೀವಾಗುತ್ತಲ್ಲ... ಅಲ್ಲಿರೋ ಮೇಸ್ತ್ರಿ ಹಳೇ ಇಂಜೆಕ್ಷನ್‌ಗೆ ಬಗ್ತಿಲ್ಲ. ನಮ್ಮ ಹೊಸ ಔಷಧಿಗೆ ಬಗ್ತಾನೆ ಅಂತ ನಾಳೆ ಹೆಡ್ಡಾಫೀಸಿನೋರ ಮುಂದೆ ತೋರಿಸ್ಬೇಕು. ಇಲ್ಲಾಂದ್ರೆ ಪ್ರಾಜೆಕ್ಟ್ ಬಂದ್!”

“ಮತ್ತೆ ಇಲ್ಲಿಗ್ಯಾಕೆ ತಂದೆ?”

“ತಣ್ಣಗಿದ್ರೇ ಮೇಸ್ತ್ರಿ ಬದುಕೋದು. ಫ್ರೀಜರ್ ರಿಪೇರಿ ಮಾಡ್ಸಿ ಅಂತ ಕರಿಯಪ್ಪ ಸಾರ್‌ಗೆ ಹೇಳಿ ಹೇಳಿ ಸಾಕಾಯ್ತು. ಇವತ್ತು ನಿಂತೇಹೋಯ್ತು. ನರಸೀಪುರದಲ್ಲಿ ನಮ್ಮಣ್ಣನ ಮೀನಂಗಡಿ ಐತೆ. ಅಲ್ಲಿ ಫ್ರೀಜರ್ ಐತೆ.”

“ಬೈಕ್ ಅತ್ತು, ಬಿರ್ನೆ!”

ಸತ್ತೆನೋ ಬದುಕಿದೆನೋ ಅನ್ನುವ ಹಾಗೆ ಓಡಿಸಿದೆ. ಎದುರು ಬಸ್ಸು... ತಪ್ಪಿಸಿದೆ. ಅಡ್ಡ ಎಮ್ಮೆ... ಅದೇ ತಪ್ಪಿಸಿಕೊಂಡಿತು! ಕಪಿಲೆಯ ಸೇತುವೆ ಹಾರಿ ಮೀನಂಗಡಿ ಮುಂದೆ ಬ್ರೇಕ್ ಒತ್ತಿದೆ. ಕವನಳ ಅಣ್ಣ ರಾಹುಲ್ ಫ್ರೀಜರಿನಿಂದ ಮೀನನ್ನೆಲ್ಲ ನೆಲಕ್ಕೆ ಎಳೆದು ಜಾಗ ಮಾಡಿದ.

ಕವನ ಒಂದು ಟ್ಯೂಬನ್ನು ಬೆಳಕಿಗೆ ಹಿಡಿದಳು. ತಿಳಿನೀರಿನಂತೆ ಇರಬೇಕಾದದ್ದು ಒಡೆದ ಹಾಲಾಗಿತ್ತು. ಇನ್ನೊಂದು ಹಿಡಿದಳು. ಮತ್ತೊಂದು... ಎಲ್ಲವೂ ಅಷ್ಟೇ.

“ಸತ್ತೋಗೈತೆ,” ಎಂದಳು.

“ಇನ್ನೊಂದಷ್ಟು ಮಾಡಕ್ಕಾಗಲ್ವಾ?”

“ತಿಂಗಳುಗಟ್ಲೆ ಬೇಕು. ನಾಳೆ ಅಂದ್ರೆ ನಾಳೆ.”

ಅವಳು ಅಳಲಿಲ್ಲ. ನನ್ನ ಕಡೆ ತಿರುಗಿದಳು.

“ನಮ್ಮಪ್ಪನ ಹೆಸ್ರು ಹೇಳಿದ್ರಾ ಅವ್ರು?”

“ಹೂಂ.”

“ಅಷ್ಟೇ ಸಾಕಾಯ್ತಾ ನಿಮಗೆ?”

ಬೇರೆ ಯಾರ ಮಗಳಾಗಿದ್ದರೂ ಮೊದಲು ಒಂದು ಫೋನ್ ಮಾಡಿ ಕೇಳುತ್ತಿದ್ದೆ. ಅದು ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ರಾಹುಲನ ಕೈಯಲ್ಲಿ ಮೀನು ಕತ್ತರಿಸುವ ಕತ್ತಿ ಇತ್ತು. ಅದನ್ನು ನನ್ನ ಮೇಲೆ ಎತ್ತಿದ್ದರೆ ಎಷ್ಟೋ ವಾಸಿಯಿತ್ತು. ಅವನು ಸ್ಟೂಲ್ ಒರೆಸಿ ನನ್ನ ಕಡೆ ಸರಿಸಿದ.

“ಕೂತ್ಕಳಿ ಗೌಡ್ರೆ,” ಅಂದ.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಾನು ಕೂರಲಿಲ್ಲ.

ಫೋನ್ ಹೊಡೆದುಕೊಂಡಿತು. ಕರಿಯಪ್ಪ!

“ಲೋ, ದೊಡ್ಡ ಸಾಯೇಬ್ರು ಕೇಳ್ತಾವ್ರೆ. ಅವ್ಳ ಕೈಲೇ ಆಳಾಯ್ತು ಅನ್ಬೇಕು, ಗೊತ್ತಾಯ್ತಾ? ಬ್ಯಾರೆ ಮಾತಾಡಿದ್ಯೋ... ನಾಳೆಯಿಂದ ಗೇಟ್ ಒಳಿಕ್ಕೆ ಕಾಲಿಡಂಗಿಲ್ಲ!”

ಫೋನ್ ಕೈ ಬದಲಾಯಿತು. ಸಾಹೇಬರ ತಣ್ಣನೆಯ ದನಿ.

“ಏನಾಯ್ತು ರಂಗಸ್ವಾಮಿ?”

“ಫ್ರೀಜರ್ ಕೆಟ್ಟಿತ್ತು ಸಾ. ಕರಿಯಪ್ಪನೋರು ರಿಪೇರಿ ಮಾಡುಸ್ನಿಲ್ಲ. ಕವನ ಮೇಡಂ ಸ್ಯಾಂಪಲ್ ಉಳ್ಸಕ್ಕೆ ನರ್ಸೀಪುರಕ್ಕೆ ತತ್ತಿದ್ರು. ದಾರೀಲಿ ಒಬ್ಬ ಬೈಕ್ ಅಡ್ಡ ಆಕಿ ಕಿತ್ಕಂಡ. ಅವ್ನ ಜೇಬಲ್ಲೇ ಸತ್ತೋಯ್ತು.”

“ಆ ದರೋಡೆಕೋರ ಸಿಕ್ಕಿದ್ನಾ?”

“ಸಿಕ್ಕವ್ನೆ ಸಾ... ಅವ್ನೇ ಮಾತಾಡ್ತಾವ್ನೆ!”