ಕೂದಲೆಳೆಯಷ್ಟು ಇಳಿದ ಸ್ವರ

"ಇದನ್ನ ಗಿಟಾರ್ ಅಂತೀರಾ?"

ಸೌಸನ್ ರಟ್ಟಿನ ಪೆಟ್ಟಿಗೆಯೊಳಗೆ ಇಣುಕಿದಳು. ಬಣ್ಣ ಕಾಣದ ಮರದ ಮೈ ಒಂದು ಕಡೆ, ಕತ್ತು ಇನ್ನೊಂದು ಕಡೆ. ಪ್ಲಾಸ್ಟಿಕ್ ಚೀಲದಲ್ಲಿ ಸ್ಕ್ರೂ, ತಂತಿ, ತಿರುಗುಗುಂಡಿಗಳು.

"ಇನ್ನೂ ಆಗಿಲ್ಲ," ಎಂದ ಎದುರಿಗೆ ನಿಂತವನು. "ಇದಕ್ಕಿಂತ ಅಗ್ಗದ್ದು ಸಿಗಲಿಲ್ಲ. ಜೋಡಿಸೋದು ನಾನೇ ಜೋಡಿಸ್ತೀನಿ. ಕೂರೋಕೆ ಒಂದು ಮೂಲೆ, ಬೆಸುಗೆ ಹಾಕೋಕೆ ಕರೆಂಟು ಕೊಟ್ಟರೆ ಸಾಕು, ಉಸ್ತಾ."

ಉಸ್ತಾ... ಕೈರೋದ ಈ ವಾದ್ಯಗಳ ಬೀದಿಯಲ್ಲಿ ಪಳಗಿದ ಕಸಬುದಾರರನ್ನು ಹಾಗೆ ಕರೆಯುತ್ತಾರೆ. ಅಪ್ಪ ತೀರಿಹೋಗಿ ಎರಡು ವರ್ಷವಾದರೂ ಗಿರಾಕಿಗಳಿಗೆ ಸೌಸನ್ ಇನ್ನೂ 'ದರ್ವೀಶರ ಮಗಳು'. ಅವಳಿಗೆ ಒಳಗೊಳಗೇ ಖುಷಿಯಾಯಿತು. ಅದರ ಹಿಂದೆಯೇ ಅನುಮಾನವೂ ಬಂತು. ಇಷ್ಟು ಬೆಣ್ಣೆ ಹಚ್ಚುವವನಿಗೆ ಬೇರೇನೋ ಬೇಕಾಗಿರಬೇಕು.

ಬೇಕಾಗಿತ್ತು.

"ಮದುವೆಗಳಲ್ಲಿ ನುಡಿಸ್ತೀನಿ. ನಮ್ಮ ಹಾಡುಗಳಲ್ಲಿ ಎರಡು ಸ್ವರಗಳ ನಡುವೆ ಬರೋ ಸ್ವರ ಇದರಲ್ಲಿ ಬರಲ್ಲ. ಕತ್ತಿನ ಮೇಲೆ ಬೆರಳೊತ್ತೋಕೆ ಇನ್ನೂ ನಾಲ್ಕು ಮೆಟ್ಟು ಕೂರಿಸ್ಬೇಕು. ಸರಿಯಾದ ಜಾಗ ಗೊತ್ತಿದ್ದದ್ದು ನಿಮ್ಮಪ್ಪನಿಗೆ ಮಾತ್ರ ಅಂತಾರೆ."

ಆ ಜಾಗಗಳೆಲ್ಲ ಅಪ್ಪನ ಹಿತ್ತಾಳೆಯ ಅಳತೆಕೋಲಿನ ಮೇಲೆ ಗೆರೆಗಳಾಗಿದ್ದವು. ಕೋಲು ಬಟ್ಟೆ ಮುಚ್ಚಿ ಡ್ರಾಯರಿನಲ್ಲಿರುತ್ತಿತ್ತು. ಕೋಲು ಹೊರಬಂದಾಗ ಗಿರಾಕಿ ಎದುರಿನ ಚಹಾದಂಗಡಿಗೆ ಹೋಗಿ ಕೂರಬೇಕು. ಅಪ್ಪನ ಕಾಲದಿಂದ ಇದೇ ಪದ್ಧತಿ. ಮೂಲೆಯ ವಾದ್ಯದಂಗಡಿಯ ಹನಫಿ ಆ ಕೋಲಿನ ಮೇಲೆ ಎಷ್ಟು ವರ್ಷದಿಂದ ಕಣ್ಣಿಟ್ಟಿದ್ದಾನೆಂದು ಬೀದಿಗೆಲ್ಲ ಗೊತ್ತು. ಅದೊಂದು ಅವನ ಕೈಸೇರಿದರೆ ಅವಳು ಅಂಗಡಿಗೆ ಬೀಗ ಹಾಕಿದಂತೆಯೇ.

"ಮೆಟ್ಟಿನ ಕೆಲಸ ಕೊನೆಗೆ. ಆಗ ನೀವು ಹೊರಗೆ."

"ಆಗಲಿ, ಉಸ್ತಾ."

ಅವನ ಹೆಸರು ವಗ್ದಿ. ದಿನಾ ಮಧ್ಯಾಹ್ನ ಬಂದು ಮರ ಉಜ್ಜಿದ, ಬಣ್ಣ ಬಳಿದ, ಬೆಸುಗೆ ಹಾಕಿದ, ತಂತಿ ಕಟ್ಟಿದ. ಮಾತು ಕಡಿಮೆ. ಸೌಸನ್ ಊದ್ ವಾದ್ಯದ ಹೊಟ್ಟೆಗೆ ಪಟ್ಟಿ ಅಂಟಿಸುತ್ತ ತನ್ನ ಪಾಡಿಗೆ ಒಂದು ಹಳೆಯ ಹಾಡು ಗುನುಗುತ್ತಿದ್ದಳು. ಆ ಹಾಡಿನ ಒಂದು ಕಡೆ ಅಪ್ಪ ಯಾವಾಗಲೂ ತಡೆಯುತ್ತಿದ್ದರು. "ಅಲ್ಲಿ ಕೂದಲೆಳೆಯಷ್ಟು ಇಳಿಸ್ತೀಯಲ್ಲ ಮಗಳೇ." ಅವಳಿಗೆ ತಿದ್ದಿಕೊಳ್ಳಲು ಆಗಲೇ ಇಲ್ಲ.

ಅವಳು ಗುನುಗುವಾಗ ಅವನ ಕೈ ನಿಲ್ಲುತ್ತಿತ್ತು. ಗಿಟಾರನ್ನು ಕಿವಿಗೆ ಒತ್ತಿಕೊಳ್ಳುತ್ತಿದ್ದ, ಪೆನ್ಸಿಲಿನಿಂದ ಏನೋ ಗುರುತು ಹಾಕುತ್ತಿದ್ದ. ಅವಳು ಹತ್ತಿರ ಹೋದರೆ ಅಂಗೈಯಿಂದ ಕತ್ತನ್ನು ಮುಚ್ಚುತ್ತಿದ್ದ. ಅವನು ಎದ್ದುಹೋದ ಮೇಲೆ ಕುರ್ಚಿಯ ಕೆಳಗೆ ಬೆಂಕಿಕಡ್ಡಿಗಳು ಸಿಗುತ್ತಿದ್ದವು. ಸಿಗರೇಟು ಸೇದದವನಿಗೆ ಬೆಂಕಿಕಡ್ಡಿ ಯಾಕೆ? ಅವಳಿಗೆ ಬಗೆಹರಿಯಲಿಲ್ಲ.

ಒಂದು ದಿನ ಚಹಾದಂಗಡಿಯ ಬಯ್ಯೂಮಿ ಲೋಟ ಇಡುತ್ತ ಹೇಳಿದ, "ನಿನ್ನ ಗಿಟಾರಿನವನು ಹನಫಿ ಅಂಗಡಿಯಿಂದ ಬರ್ತಿದ್ದ ಮಗಳೇ. ಕೈಯಲ್ಲಿ ಕಾಗದ ಸುತ್ತಿದ್ದು ಏನೋ ಇತ್ತು. ನಂಗ್ಯಾಕೆ ಅಂತ ಸುಮ್ಮನಿದ್ದೆ."

"ಸುಮ್ಮನೆ ಎಲ್ಲಿದ್ದೀಯ, ಚಿಕ್ಕಪ್ಪ?" ಎಂದಳು. ಆದರೆ ಅವನು ಹೋದದ್ದೇ ಡ್ರಾಯರ್ ತೆರೆದು ಕೋಲು ಇದೆಯೇ ಎಂದು ನೋಡಿದಳು.

ಎರಡು ದಿನ ವಗ್ದಿ ಬರಲೇ ಇಲ್ಲ. ಮೂರನೆಯ ದಿನ ಗಿಟಾರ್ ಹೊತ್ತು ಬಂದ. ಅದರ ಕತ್ತಿನ ಮೇಲೆ ಹೊಸ ಮೆಟ್ಟುಗಳು ಹೊಳೆಯುತ್ತಿದ್ದವು. ನಾಲ್ಕು.

ಸೌಸನ್ ಅವನೆದುರಿಗೇ ಡ್ರಾಯರ್ ತೆರೆದಳು, ಕೋಲನ್ನು ಕತ್ತಿಗೆ ಹಿಡಿದಳು. ಒಂದು ಸರಿ. ಎರಡು ಸರಿ. ಮೂರನೆಯದೂ ಆಚೀಚೆ ಇಲ್ಲ.

*ಇಷ್ಟೇನಾ? ಉಸ್ತಾ ಅಂದದ್ದೆಲ್ಲ ಇದಕ್ಕೇನಾ?*

"ಡ್ರಾಯರ್ ಯಾವಾಗ ತೆಗೆದ್ರಿ?" ಅವಳು ಕೋಲನ್ನು ಎತ್ತದೆಯೇ ಕೇಳಿದಳು. "ಹನಫಿಗೆ ಕೊಟ್ಟಾಯ್ತಾ?"

"ಮೆಟ್ಟು ಕೂರಿಸೋಕೆ ಅವನ ಹತ್ರ ಸಣ್ಣ ಗರಗಸ ಕೇಳೋಕೆ ಹೋಗಿದ್ದೆ. ನಿಮ್ಮನ್ನ ಕೇಳಿದ್ರೆ ನೀವೇ ಕೂರಿಸ್ತೀನಿ ಅಂತಿದ್ರಿ, ಈ ಕೋಲಿನ ಅಳತೆಗೆ."

"ಮತ್ತೆ ಇದು ಯಾವ ಅಳತೆ?"

"ನಾಲ್ಕನೇದನ್ನೂ ನೋಡಿ."

ನಾಲ್ಕನೆಯದು ತಪ್ಪಿತ್ತು. ಕೋಲಿನ ಗೆರೆಗಿಂತ ಕೂದಲೆಳೆಯಷ್ಟು ಗಿಟಾರಿನ ತಲೆಯ ಕಡೆಗೆ, ಸ್ವರ ಇಳಿಯುವತ್ತ, ಸರಿದಿತ್ತು. ಕದ್ದವನು ಮೂರನ್ನು ಸರಿಯಾಗಿ ಕದ್ದು ಒಂದನ್ನು ಯಾಕೆ ಕೆಡಿಸುತ್ತಾನೆ?

ಅಲ್ಲಿ ಬೆರಳೊತ್ತಿ ತಂತಿ ಮೀಟಿದಳು. ಕರೆಂಟಿಗೆ ಜೋಡಿಸದ ಎಲೆಕ್ಟ್ರಿಕ್ ಗಿಟಾರಿನ ದನಿ ಪಿಸುಮಾತಿನಷ್ಟೇ. ಆದರೂ ಅವಳಿಗೆ ಗುರುತು ಸಿಕ್ಕಿತು. ಅದು ಅಪ್ಪನ ಸ್ವರವಲ್ಲ. ಅಪ್ಪ ತಿದ್ದಲಾಗದೆ ಬಿಟ್ಟ ಅವಳದೇ ಸ್ವರ.

"ನೀವು ಗುನುಗುವಾಗ ತಂತಿ ಕೆಳಗೆ ಬೆಂಕಿಕಡ್ಡಿ ತೂರಿಸಿ ಜಾಗ ಹುಡುಕ್ತಿದ್ದೆ," ಎಂದ ವಗ್ದಿ ತಲೆ ತಗ್ಗಿಸಿ. "ಎಷ್ಟೋ ಹಾಡುಗಾರರ ಹಿಂದೆ ನುಡಿಸಿದ್ದೀನಿ. ಈ ಸ್ವರ ಇನ್ಯಾರ ಗಂಟಲಲ್ಲೂ ಕೇಳಿಲ್ಲ. ನಿಮ್ಮನ್ನ ಇಷ್ಟಪಡ್ತೀನಿ ಅನ್ನೋಕೆ ಬಾಯಿ ಬರಲಿಲ್ಲ... ಅದಕ್ಕೆ ಇದರಲ್ಲಿ ಇಟ್ಟೆ."

ಸೌಸನ್ ಕಣ್ಣೊರೆಸಿಕೊಂಡಳು. ಎರಡು ದಿನ ಅವನನ್ನು ಮನಸ್ಸಿನಲ್ಲೇ ಬೈದದ್ದೆಲ್ಲ ನೆನಪಾಗಿ ನಾಚಿಕೆಯಾಯಿತು.

"ಆ ಮೆಟ್ಟು ತಪ್ಪಾಗಿದೆ. ಅಪ್ಪನ ಅಳತೆಗೆ ಸರಿಮಾಡಿ ಕೊಡ್ಲಾ?"

"ಬೇಡ."

"ಕೇಳಿದವರು ನಗ್ತಾರೆ."

"ನಗಲಿ."

ಮೇಜಿನ ಮೇಲೆ ಅಳತೆಕೋಲು ಬಟ್ಟೆ ಮುಚ್ಚದೆ ಹಾಗೇ ಬಿದ್ದಿತ್ತು. ಅದು ಕಣ್ಣಿಗೆ ಬಿದ್ದದ್ದೇ ವಗ್ದಿ ಗಡಬಡಿಸಿ ಬಾಗಿಲ ಕಡೆ ತಿರುಗಿದ.

"ಕೋಲು ಹೊರಗಿದೆ, ಉಸ್ತಾ. ನಾನು ಚಹಾದಂಗಡಿಗೆ ಹೋಗ್ಬೇಕಲ್ವಾ?"

"ಹೋಗ್ಬೇಕಾದ್ದು ಗಿರಾಕಿಗಳು," ಎಂದಳು ಸೌಸನ್. "ನೀನು ಕೂತ್ಕೋ."