ಬಿಜ್ಲಿಯ ಗಾಡಿಯ ಪಿನ್ನು

“ಲೈಬಾ, ಹತ್ತೊಂಬತ್ತರ ಸ್ಪ್ಯಾನರ್ ಕೊಡು ಬೇಟಾ!”

ಅಬ್ಬಾನ ಧ್ವನಿ ಬಂದದ್ದು ಕಾರಿನ ಕೆಳಗಿನಿಂದ. ಹೊರಗೆ ಕಾಣುತ್ತಿದ್ದದ್ದು ಅವರ ಎರಡು ಪಾದ ಮಾತ್ರ.

ಲೈಬಾ ಹದಿನೇಳರ ಸ್ಪ್ಯಾನರ್ ಕೈಗಿಟ್ಟಳು.

“ಇದಲ್ಲ. ಹತ್ತೊಂಬತ್ತು.”

ಈ ಸಲ ಹದಿನಾಲ್ಕರದ್ದು ಕೊಟ್ಟಳು.

“ಅರೆ! ಏನಾಗಿದೆ ನಿಂಗೆ ಇವತ್ತು? ಕಣ್ಣು ಸ್ಕೂಲಲ್ಲೇ ಬಿಟ್ಟು ಬಂದ್ಯಾ?”

ಕಣ್ಣು ಇದ್ದಲ್ಲೇ ಇತ್ತು. ಲೈಬಾ ಐದನೇ ಕ್ಲಾಸು. ಅಂಗಡಿಯ ಯಾವ ಸ್ಪ್ಯಾನರ್ ಯಾವ ಮೊಳೆಗೆ ನೇತಾಡುತ್ತದೆ ಎಂದು ಕಣ್ಣು ಮುಚ್ಚಿಕೊಂಡೇ ಹೇಳುತ್ತಾಳೆ. ಬೇಕೆಂದೇ ತಪ್ಪು ಕೊಡುತ್ತಿದ್ದಳು, ಅಷ್ಟೇ. ಕೆಲಸ ತಡವಾಗಲಿ, ಆಗದೇ ಹೋದರೆ ಇನ್ನೂ ಒಳ್ಳೆಯದು ಎಂದು ಅವಳ ಆಸೆ.

ಅವಳ ಅಬ್ಬಾ ವಾಜಿದ್ ಅವರದು ಶಿವಾಜಿನಗರದಲ್ಲಿ ಕಾರ್ ಆಕ್ಸೆಸರೀಸ್ ಅಂಗಡಿ. ಸೀಟ್ ಕವರ್, ಹಾರ್ನ್, ಫಾಗ್ ಲೈಟ್, ಏನು ಕೇಳಿದರೂ ಹಾಕಿಕೊಡುತ್ತಾರೆ. ಆ ಶನಿವಾರ ಮಧ್ಯಾಹ್ನ ಅಂಗಡಿ ಪಕ್ಕದ ಖಾಲಿ ಜಾಗದಲ್ಲಿ ಒಂದು ಭಾರೀ ಎಸ್‌ಯುವಿ ಬಂದು ನಿಂತಿತ್ತು. ಅದರ ಹಿಂದೆ ಟ್ರೇಲರ್ ಎಳೆಯುವ ಕೊಂಡಿ ಹಾಕಬೇಕಿತ್ತು. ಟ್ರೇಲರ್ ಕೂಡ ಬಂದು ಪಕ್ಕದಲ್ಲೇ ನಿಂತಿತ್ತು. ಎರಡು ಚಕ್ರ, ತಗಡಿನ ಗೋಡೆ, ಹಿಂದೆ ಇಳಿಬಿಡುವ ಹಲಗೆ ಬಾಗಿಲು.

ಆ ಟ್ರೇಲರ್‌ನಲ್ಲಿ ನಾಳೆ ಬೆಳಿಗ್ಗೆ ಹೋಗಬೇಕಾದವಳು ಬಿಜ್ಲಿ.

ಬಿಜ್ಲಿ ಲೈಬಾಳ ದಾದಾ, ಅಂದರೆ ತಾತ, ಚಾಂದ್ ಪಾಷಾ ಅವರ ಬಿಳಿ ಕುದುರೆ. ಬಿಜ್ಲಿ ಅಂದರೆ ಮಿಂಚು. ಹೆಸರೇನೋ ಮಿಂಚು, ಆದರೆ ಅವಳು ಓಡಿದ್ದನ್ನು ಆ ಗಲ್ಲಿಯಲ್ಲಿ ಒಬ್ಬರೂ ನೋಡಿಲ್ಲ! ಮದುಮಗನನ್ನು ಹೊತ್ತು ಬ್ಯಾಂಡಿನ ಹಿಂದೆ ನಿಧಾನ ಹೆಜ್ಜೆ ಹಾಕುವುದೇ ಅವಳ ಜೀವಮಾನದ ಕೆಲಸ. ಬ್ಯಾಂಡ್ ಬಾರಿಸಿದರೆ ನಡೆಯುತ್ತಾಳೆ. ನಿಲ್ಲಿಸಿದರೆ ನಿಂತುಬಿಡುತ್ತಾಳೆ. ಆಮೇಲೆ ಯಾರು ಎಳೆದರೂ, ಬೈದರೂ, ಬೆಲ್ಲ ತೋರಿಸಿದರೂ ಒಂದು ಹೆಜ್ಜೆ ಕದಲುವುದಿಲ್ಲ.

ಮನೆಯಲ್ಲಿ ಬ್ಯಾಂಡ್ ಎಲ್ಲಿಂದ ತರುವುದು? ಅದಕ್ಕೇ ಲೈಬಾ ಹುರುಳಿ ಡಬ್ಬ ಹಿಡಿದುಕೊಂಡು ಸೌಟಿನಿಂದ ಡಗ್ಗ ಡಗ್ಗ ಡಂ ಎಂದು ಬಡಿಯುತ್ತಾಳೆ. ಬಿಜ್ಲಿ ತಲೆ ಆಡಿಸುತ್ತಾ ಅಂಗಡಿ ಹಿಂದಿರುವ ತನ್ನ ಶೆಡ್ಡಿನಿಂದ ನಲ್ಲಿಯವರೆಗೆ ಬರುತ್ತಾಳೆ. ದಿನಾ ಸಂಜೆ ಇದೇ ಮೆರವಣಿಗೆ.

ಈಚೆಗೆ ಬಿಜ್ಲಿಗೆ ಮಂಡಿ ನೋವು. ಕುದುರೆ ಡಾಕ್ಟರ್ ಯಮುನಾ ಬಂದು ನೋಡಿ, ಟಾರು ರಸ್ತೆ, ಸಿಮೆಂಟು ನೆಲ ಇನ್ನು ಆಗದು ಎಂದರು. ಹೊಸಕೋಟೆಯ ಆಚೆ ಅವರದೇ ಜಮೀನಿದೆ. ಮಣ್ಣಿನ ನೆಲ, ಹುಲ್ಲು, ಜೊತೆಗೆ ಇನ್ನೂ ಕೆಲವು ವಯಸ್ಸಾದ ಕುದುರೆಗಳು. ಬಿಜ್ಲಿ ಅಲ್ಲಿರಲಿ ಎಂದರು. ದಾದಾ “ಆಯ್ತು” ಎಂದುಬಿಟ್ಟರು. ಒಂದೇ ಮಾತು! ಲೈಬಾಗೆ ಸಿಟ್ಟು ಬಂದದ್ದು ಅದಕ್ಕೇ.

“ಯಾವಾಗ್ಲಾದ್ರೂ ಹೋಗಿ ನೋಡ್ಕೊಂಡ್ ಬರೋಣ” ಎಂದು ಅಬ್ಬಾ ಸಮಾಧಾನ ಮಾಡಿದ್ದರು. ಅಬ್ಬಾನ ‘ಯಾವಾಗ್ಲಾದ್ರೂ’ ಎಂದರೇನೆಂದು ಲೈಬಾಗೆ ಗೊತ್ತಿಲ್ಲವೇ? ಬನ್ನೇರುಘಟ್ಟಕ್ಕೆ ಹೋಗೋಣ ಎಂದು ಎರಡನೇ ಕ್ಲಾಸಿನಿಂದ ಹೇಳುತ್ತಲೇ ಇದ್ದಾರೆ.

ಅಬ್ಬಾ ಕಾರಿನ ಕೆಳಗಿನಿಂದ ತೆವಳಿಕೊಂಡು ಹೊರಗೆ ಬಂದರು. ಹತ್ತೊಂಬತ್ತರ ಸ್ಪ್ಯಾನರನ್ನು ತಾವೇ ತೆಗೆದುಕೊಂಡರು. ಮಗಳನ್ನು ಒಂದು ಸಲ ನೋಡಿ, ಮತ್ತೆ ಒಳಗೆ ಹೋದರು.

ಎಸ್‌ಯುವಿ ಡಾಕ್ಟರ್ ಯಮುನಾ ಅವರದೇ. ಪಕ್ಕದಲ್ಲೇ ನಿಂತಿದ್ದ ಅವರು ಬಗ್ಗಿ ನೋಡಿದರು. “ವಾಜಿದ್ ಭಾಯ್, ಬಂಪರ್‌ಗೆ ಹಾಕ್ಬೇಡಿ ಮತ್ತೆ. ಕುದುರೆ ಭಾರ, ಕಿತ್ಕೊಂಡ್ ಬರುತ್ತೆ.”

“ಬಂಪರ್ ಮಾತೇ ಬೇಡ ಮೇಡಂ. ಅಡಿಯ ಚಾಸಿಸ್ ಕಬ್ಬಿಣಕ್ಕೇ ಬೋಲ್ಟ್ ಮಾಡ್ತಿದೀನಿ.”

ಕೊನೆಗೆ ಕಾರಿನ ಹಿಂದೆ ಒಂದು ಚೌಕಾಕಾರದ ಕಬ್ಬಿಣದ ಬಾಯಿ ಕೂತಿತು. ಆ ಬಾಯಿಯೊಳಗೆ ಅಬ್ಬಾ ಉದ್ದನೆಯ ಕಬ್ಬಿಣದ ನಾಲಿಗೆ ತೂರಿಸಿದರು. ನಾಲಿಗೆಯ ತುದಿಯಲ್ಲಿ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡ ಉಕ್ಕಿನ ಗುಂಡು. ಟ್ರೇಲರನ್ನು ಹಿಂದಿನಿಂದ ತಳ್ಳಿ ತಂದು ಅದರ ಮೂತಿಯನ್ನು ಗುಂಡಿನ ಮೇಲೆ ಕೂರಿಸಿದರು. ಟಕ್ ಎಂದು ಸದ್ದಾಯಿತು.

“ಸೂಪರ್!” ಎಂದರು ಅಬ್ಬಾ.

ಡಾಕ್ಟರ್ ಎದುರಿನ ಸೋಡಾ ಗಾಡಿಯಿಂದ ಒಂದು ನಿಂಬೆಹಣ್ಣು ಈಸಿಕೊಂಡು ಬಂದು ಟ್ರೇಲರ್ ನೆಲದ ಮೇಲಿಟ್ಟರು. ಅದು ಉರುಳಿಕೊಂಡು ಹೋಗಿ ಹಿಂದಿನ ಬಾಗಿಲಿಗೆ ತಾಗಿತು.

“ಮೂತಿ ಮೇಲಾಗಿದೆ ಭಾಯ್. ಬಿಜ್ಲಿ ದಾರಿಯುದ್ದಕ್ಕೂ ಹಿಂದಕ್ಕೆ ಜಾರ್ತಾ ನಿಂತ್ಕೋಬೇಕಾಗುತ್ತೆ. ಮೊದ್ಲೇ ಮಂಡಿ ನೋವು.”

ಅಬ್ಬಾ ತಲೆ ಕೆರೆದುಕೊಂಡರು. “ಕಾರು ಎತ್ತರ ಇದೆ ಅನ್ನೋದೇ ಮರೆತ್ಬಿಟ್ಟೆ ನೋಡಿ. ನೇರ ಪೀಸ್ ತಂದ್ಬಿಟ್ಟೆ. ಬಗ್ಗಿರೋದು ಹಾಕ್ಬೇಕು.”

ಒಳಗೆ ಹುಡುಕಿ ಇನ್ನೊಂದು ನಾಲಿಗೆ ತಂದರು. ಇದು ಮೆಟ್ಟಿಲಿನ ಹಾಗೆ ಕೆಳಕ್ಕೆ ಬಗ್ಗಿತ್ತು. ಮತ್ತೆ ತೂರಿಸಿ, ಟ್ರೇಲರ್ ಕೂರಿಸಿ, ನಿಂಬೆಹಣ್ಣು ಇಟ್ಟರು. ಈಗ ಅದು ಇಟ್ಟಲ್ಲೇ ಕೂತಿತು. ಲೈಬಾ ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ನಿಂಬೆಹಣ್ಣು ಉರುಳಲಿಲ್ಲ ಎಂದು ಖುಷಿಪಡಬೇಕೋ ಅಳಬೇಕೋ ಅವಳಿಗೇ ತಿಳಿಯಲಿಲ್ಲ.

ಅಬ್ಬಾ ದಪ್ಪನೆಯ ಒಂದು ಪಿನ್ನು ಎತ್ತಿ ತೋರಿಸಿದರು. ಅವರ ಹೆಬ್ಬೆರಳಿನಷ್ಟು ದಪ್ಪ. “ಇಷ್ಟೆಲ್ಲಾ ಕಬ್ಬಿಣ ಹಾಕಿದ್ರೂ, ನಾಲಿಗೆ ಬಾಯಿಂದ ಈಚೆ ಬರದ ಹಾಗೆ ಹಿಡ್ಕೊಳ್ಳೋದು ಈ ಪಿನ್ನೇ. ಇದಿಲ್ದಿದ್ರೆ ಗಾಡಿ ಹೋಗೋ ಹಾಗೇ ಇಲ್ಲ.”

ಲೈಬಾಳ ಕಿವಿ ನಿಮಿರಿತು.

ದೀಪಗಳ ವೈರು, ಎರಡು ಕಡೆಯ ಚೈನು ಎಲ್ಲ ಮುಗಿಯುವಾಗ ಸಂಜೆಯಾಯಿತು. ಹೊರಗೆ ಬಿಟ್ಟರೆ ಬೆಳಗಾಗುವುದರೊಳಗೆ ಯಾರಾದರೂ ಗುಜರಿಗೆ ಹಾಕುತ್ತಾರೆಂದು ಅಬ್ಬಾ ನಾಲಿಗೆಯನ್ನೂ ಪಿನ್ನನ್ನೂ ಬಿಚ್ಚಿ ಅಂಗಡಿಯ ಮೇಜಿನ ಮೇಲಿಟ್ಟರು. ಆಮೇಲೆ ಡಾಕ್ಟರ್‌ಗೆ ಚಹಾ ಹೇಳಲು ಹೋದರು.

ಲೈಬಾ ಅತ್ತಿತ್ತ ನೋಡಿದಳು. ಪಿನ್ನನ್ನು ಎತ್ತಿ ದುಪ್ಪಟ್ಟಾದಲ್ಲಿ ಸುತ್ತಿಕೊಂಡಳು. ನೆಟ್ಟಗೆ ಶೆಡ್ಡಿಗೆ ಓಡಿ ಹುರುಳಿ ಡಬ್ಬದ ತಳಕ್ಕೆ ಹುದುಗಿಸಿದಳು. ಬಿಜ್ಲಿ ಮೂಗು ತೂರಿಸಿ ನೋಡಿ, ತಿನ್ನುವಂಥದ್ದಲ್ಲ ಎಂದು ಮುಖ ತಿರುಗಿಸಿದಳು.

ಬೆಳಿಗ್ಗೆ ಅಂಗಡಿ ತುಂಬಾ ಗಲಾಟೆ.

“ಪಿನ್ನು ಎಲ್ಲಿ? ಇಲ್ಲೇ ಇಟ್ಟಿದ್ನಲ್ಲ!” ಅಬ್ಬಾ ಮೇಜಿನ ಕೆಳಗೆ, ಸೀಟ್ ಕವರ್‌ಗಳ ಹಿಂದೆ, ಟೂಲ್ ಬಾಕ್ಸಿನಲ್ಲಿ ಎಲ್ಲ ಹುಡುಕಿದರು. ಭಾನುವಾರ, ಅದೂ ಇಷ್ಟು ಬೇಗ. ಬೇರೆ ಪಿನ್ನು ತರಲು ಒಂದು ಅಂಗಡಿಯೂ ತೆಗೆದಿರಲಿಲ್ಲ.

ಲೈಬಾ ಬಾಗಿಲಲ್ಲಿ ನಿಂತಿದ್ದಳು. ಸಿಕ್ಕಿಬೀಳುವ ಭಯ. ಆದರೂ ಒಳಗೊಳಗೇ ಖುಷಿ. ಇವತ್ತು ಹೋಗುವುದಿಲ್ಲ. ಇವತ್ತು ತಪ್ಪಿತು ಅಂದರೆ ಮುಂದೆ ‘ಯಾವಾಗ್ಲಾದ್ರೂ’ ತಾನೆ!

“ತಡ ಆಗ್ತಿದೆ” ಎಂದರು ಡಾಕ್ಟರ್. “ಟಿನ್ ಫ್ಯಾಕ್ಟರಿ ಹತ್ರ ಟ್ರಾಫಿಕ್ ಶುರು ಆಗೋದ್ರೊಳಗೆ ಕೆ.ಆರ್. ಪುರಂ ಬ್ರಿಡ್ಜ್ ದಾಟ್ಬಿಡ್ಬೇಕು. ಅವಳಿಗೆ ಬಿಸಿಲು ಬೇರೆ.”

“ಪಿನ್ನು ಇಲ್ದಿದ್ರೆ ಏನಂತೆ? ಒಂದು ಬೋಲ್ಟು ಹಾಕು” ಎಂದರು ದಾದಾ. ಅವರು ಬೆಳಿಗ್ಗೆಯಿಂದ ಬೇಗ ಬೇಗ ಎಂದು ಎಲ್ಲರ ತಲೆ ತಿನ್ನುತ್ತಿದ್ದರು. ತಾವೇ ನಟ್ಟು ಬೋಲ್ಟಿನ ಡಬ್ಬದಲ್ಲಿ ತಡಕಾಡಿ ಒಂದು ಉದ್ದನೆಯ ಬೋಲ್ಟ್ ಎತ್ತಿಕೊಟ್ಟರು. “ಮೇಲೆ ತಂತಿ ಸುತ್ತು. ಸಾಕು.”

ಬೋಲ್ಟು ಪಿನ್ನಿಗಿಂತ ಸಣ್ಣದು. ಅಬ್ಬಾ ಅದನ್ನು ತೂತಿಗೆ ಇಳಿಬಿಟ್ಟು, ತಂತಿ ಸುತ್ತಿ, ನಾಲಿಗೆ ಹಿಡಿದು ಅಲುಗಾಡಿಸಿದರು. ಕಟ ಕಟ ಕಟ ಎಂದಿತು.

“ಲೂಸ್ ಇದೆ” ಎಂದರು ಡಾಕ್ಟರ್.

“ಹೌದು ಮೇಡಂ. ನನಗೂ ಮನಸ್ಸು ಒಪ್ತಿಲ್ಲ. ಆದ್ರೆ ನಾನೂ ಜೊತೇಲಿ ಬರ್ತೀನಲ್ಲ. ನಿಧಾನ ಹೋಗೋಣ. ಹೊಸಕೋಟೆಲಿ ಸಿಕ್ಕಿದ್ರೆ ಬದ್ಲಾಯ್ಸೋಣ.”

ಡಾಕ್ಟರ್ ಅರೆ ಮನಸ್ಸಿನಿಂದ ತಲೆ ಆಡಿಸಿದರು.

ಲೈಬಾಳ ಖುಷಿ ಒಂದೇ ಏಟಿಗೆ ಇಳಿದುಹೋಯಿತು. ಇದೇನಿದು? ಪಿನ್ನಿಲ್ಲದೆ ಗಾಡಿ ಹೋಗುವುದೇ ಇಲ್ಲ ಎಂದಿದ್ದರಲ್ಲ! ಈಗ ಹೊರಟೇಬಿಟ್ಟರಲ್ಲ! ಕೆ.ಆರ್. ಪುರಂ ಬ್ರಿಡ್ಜ್ ಅವಳು ನೋಡಿದ್ದಾಳೆ. ಲಾರಿಗಳು, ಬಸ್ಸುಗಳು, ಒಂದರ ಬಾಲಕ್ಕೆ ಒಂದು. ಅದರ ಮೇಲೆ ಆ ಬೋಲ್ಟು ತುಂಡಾದರೆ? ಕಾರು ಮುಂದೆ ಹೋಗುತ್ತದೆ. ಬಿಜ್ಲಿ ಹಿಂದೆ ಉಳಿಯುತ್ತಾಳೆ, ಮುಚ್ಚಿದ ತಗಡಿನ ಡಬ್ಬದೊಳಗೆ. ಓಡಲೂ ಬಾರದವಳು.

ಕಟ ಕಟ ಸದ್ದು ಅವಳ ತಲೆಯಲ್ಲಿ ನಿಲ್ಲಲೇ ಇಲ್ಲ. ಶೆಡ್ಡಿಗೆ ಓಡಿದಳು. ಹುರುಳಿಯೊಳಗೆ ಮೊಣಕೈವರೆಗೂ ಕೈ ಹಾಕಿದಳು. ಅಳು ಬರುತ್ತಿತ್ತು. ಅಳುತ್ತಲೇ ಪಿನ್ನನ್ನು ತಂದು ಅಬ್ಬಾನ ಕೈಗಿಟ್ಟಳು.

ಅಬ್ಬಾ ಪಿನ್ನು ನೋಡಿದರು. ಅದಕ್ಕೆ ಅಂಟಿದ ಹುರುಳಿ ಧೂಳು ನೋಡಿದರು. ಮಗಳ ಮುಖ ನೋಡಿದರು. ಬೈಗುಳ ಬಂತು ಎಂದು ಲೈಬಾ ಕಣ್ಣು ಮುಚ್ಚಿಕೊಂಡಳು.

“ಒರೆಸ್ಕೊಂಡು ಬಾ” ಎಂದರು ಅಬ್ಬಾ. “ಧೂಳಿದ್ರೆ ಸರಿಯಾಗಿ ಕೂರಲ್ಲ.”

ತಂತಿ ಬಿಚ್ಚಿ, ಬೋಲ್ಟ್ ಎಸೆದು, ಲೈಬಾ ಒರೆಸಿ ತಂದ ಪಿನ್ನನ್ನು ಅಬ್ಬಾ ತೂತಿಗೆ ಹಾಕಿದರು. ತುದಿಗೆ ಸಿಕ್ಕಿಸುವ ಕ್ಲಿಪ್ಪನ್ನು ಅವಳ ಕೈಗೆ ಕೊಟ್ಟರು. ಲೈಬಾ ಒತ್ತಿದಳು. ಅದು ಟಪ್ ಎಂದು ಕೂತಿತು. ಅಬ್ಬಾ ಮತ್ತೆ ಅಲುಗಾಡಿಸಿ ನೋಡಿದರು. ಈ ಸಲ ಸದ್ದಿಲ್ಲ.

ಹಿಂದಿನ ಹಲಗೆ ಇಳಿಬಿಟ್ಟರು. ಲೈಬಾ ಡಬ್ಬ ಬಡಿಯುತ್ತಾ ಮುಂದೆ, ದಾದಾ ಹಗ್ಗ ಹಿಡಿದು ಪಕ್ಕದಲ್ಲಿ, ಬಿಜ್ಲಿಯನ್ನು ಕರೆತಂದರು. ಹಲಗೆಯ ಬುಡದಲ್ಲಿ ಲೈಬಾ ಡಬ್ಬ ಕೆಳಗಿಟ್ಟಳು, ಬಿಜ್ಲಿ ಅಲ್ಲೇ ನಿಂತುಬಿಟ್ಟಳು. ದಾದಾ ಎಳೆದರು. ಅಬ್ಬಾ ಬೆನ್ನು ತಟ್ಟಿದರು. ಡಾಕ್ಟರ್ ಬೆಲ್ಲ ತೋರಿಸಿದರು. ಊಹೂಂ! ನಾಲ್ಕು ಕಾಲನ್ನೂ ನೆಟ್ಟುಕೊಂಡು ನಿಂತಿದ್ದಾಳೆ.

ದಾದಾ ಲೈಬಾಳ ಕಡೆ ತಿರುಗಿದರು. ಅಬ್ಬಾನೂ ತಿರುಗಿದರು.

ಡಬ್ಬ ಲೈಬಾಳ ಕಾಲ ಬಳಿಯೇ ಇತ್ತು. ಬಡಿಯದಿದ್ದರೆ ಬಿಜ್ಲಿ ಹತ್ತುವುದಿಲ್ಲ. ಈಗ ಯಾವ ಬೋಲ್ಟೂ ಯಾವ ತಂತಿಯೂ ನಡೆಯದು. ಲೈಬಾ ಬಿಜ್ಲಿಯ ಮುಂಗಾಲು ನೋಡಿದಳು. ಮಂಡಿ ಬಾತುಕೊಂಡಿತ್ತು. ಸಿಮೆಂಟು ನೆಲ ತಾಗದಿರಲೆಂದು ಬಿಜ್ಲಿ ಒಂದು ಗೊರಸನ್ನು ಸ್ವಲ್ಪ ಮೇಲೆತ್ತಿ ಹಿಡಿದಿದ್ದಳು. ದಿನಾ ಸಂಜೆ ನಲ್ಲಿಯ ಹತ್ತಿರವೂ ಹಾಗೇ ನಿಲ್ಲುತ್ತಿದ್ದಳು. ಅದೊಂದು ಸ್ಟೈಲು ಎಂದೇ ಲೈಬಾ ತಿಳಿದಿದ್ದಳು.

ಡಬ್ಬ ಎತ್ತಿಕೊಂಡು ಟ್ರೇಲರ್ ಪಕ್ಕದ ಕಿಟಕಿಯ ಹತ್ತಿರ ಹೋಗಿ ನಿಂತಳು.

ಡಗ್ಗ ಡಗ್ಗ ಡಂ.

ಬಿಜ್ಲಿಯ ಕಿವಿ ಅಲುಗಿತು. ಒಂದು ಹೆಜ್ಜೆ ಹಲಗೆಯ ಮೇಲಿಟ್ಟಳು. ಡಗ್ಗ ಡಗ್ಗ ಡಂ. ಇನ್ನೊಂದು. ತಲೆ ಆಡಿಸುತ್ತಾ, ಮೈಮೇಲೆ ಮದುಮಗನೇ ಕೂತಿರುವನೇನೋ ಎಂಬ ಗತ್ತಿನಲ್ಲಿ, ಒಳಗೆ ಹೋಗಿ ನಿಂತಳು. ದಾದಾ ಹಗ್ಗ ಕಟ್ಟಿ ಇಳಿದರು. ಅಬ್ಬಾ ಹಲಗೆ ಎತ್ತಿ ಚಿಲಕ ಹಾಕಿ ಕಾರು ಹತ್ತಿದರು.

“ಪಾಷಾ ಸಾಬ್, ನೀವೂ ಹತ್ತಿ” ಎಂದರು ಡಾಕ್ಟರ್.

“ನಾನು ಬರಲ್ಲಮ್ಮಾ” ಎಂದರು ದಾದಾ. “ಅಲ್ಲಿ ಬಿಟ್ಟು ತಿರುಗಿ ಬರೋಕೆ ನನ್ನ ಕೈಲಾಗಲ್ಲ. ಅದಕ್ಕೇ ಬೆಳಿಗ್ಗೆಯಿಂದ ಅವಸರ ಮಾಡ್ತಿದ್ದೆ. ಇನ್ನೂ ತಡ ಆಗಿದ್ರೆ ಕಳಿಸ್ತಾನೇ ಇರ್ಲಿಲ್ಲ.”

ಲೈಬಾ ತಟ್ಟನೆ ದಾದಾನ ಕಡೆ ನೋಡಿದಳು. ಅವರು ಕೈಯಲ್ಲಿ ಉಳಿದ ಹಗ್ಗದ ತುಂಡನ್ನು ಸುತ್ತುತ್ತಾ, ಬಿಚ್ಚುತ್ತಾ, ಮತ್ತೆ ಸುತ್ತುತ್ತಾ ನಿಂತಿದ್ದರು.

ಕಾರು ಹೊರಟಿತು. ಹಿಂದೆ ಟ್ರೇಲರ್ ನೆಟ್ಟಗೆ, ಸಮನಾಗಿ, ಸದ್ದು ಮಾಡದೆ ಸಾಗಿತು. ಹಲಗೆಯ ಮೇಲಿಂದ ಬಿಳಿ ಬಾಲ ಅತ್ತಿತ್ತ ಆಡುತ್ತಿತ್ತು. ಲೈಬಾ ಡಬ್ಬ ಬಡಿಯುವುದನ್ನು ನಿಲ್ಲಿಸಲಿಲ್ಲ. ಗಲ್ಲಿಯ ಕೊನೆಯಲ್ಲಿ ಬ್ರೇಕ್ ಲೈಟ್ ಎರಡೂ ಹತ್ತಿದವು. ಎಡಗಡೆಯದು ಮಿನುಗಿತು. ಗಾಡಿ ತಿರುಗಿ ಮರೆಯಾಯಿತು.

ಡಗ್ಗ ಡಗ್ಗ ಡಂ.

“ಸಾಕು ಬೇಟಾ. ಹೋಯ್ತಲ್ಲ” ಎಂದರು ದಾದಾ.

“ನಿಲ್ಸಿದ್ರೆ ಅವಳು ನಿಂತ್ಬಿಡ್ತಾಳೆ ದಾದಾ. ಬ್ರಿಡ್ಜ್ ದಾಟ್ಲಿ.”

ದಾದಾ ಅವಳನ್ನು ಅಂಗಡಿಯ ಮೆಟ್ಟಿಲ ಮೇಲೆ ಕೂರಿಸಿ ತಾವೂ ಪಕ್ಕ ಕೂತರು. ಬಡಿದೂ ಬಡಿದೂ ಲೈಬಾಳ ಕೈ ನಿಧಾನವಾಗತೊಡಗಿತು.

“ಕೈ ನೋಯ್ತಿದ್ಯಾ?”

ಲೈಬಾ ಹೂಂ ಎಂದು ತಲೆ ಆಡಿಸಿದಳು.

“ಕೊಡು ಇಲ್ಲಿ” ಎಂದು ದಾದಾ ಸೌಟು ಈಸಿಕೊಂಡು, ಅವಳು ಬಿಟ್ಟಲ್ಲಿಂದಲೇ ಬಡಿಯತೊಡಗಿದರು.