ಕಾಯಿಸದ ಡ್ರಮ್

ನಾಗಕ್ಕ ಕೂಗಿದಳು. ದುರುಗಣ್ಣ ತಿರುಗಲಿಲ್ಲ. ಬೆನ್ನು ಹಾಕಿ ಕುಳಿತು ಗಿಟಾರಿನ ತಂತಿ ಬಿಗಿಯುತ್ತಲೇ ಇದ್ದ.

ಮತ್ತೆ ಕೂಗಿದಳು. ಊಹೂಂ. 'ಅಬ್ಬಾ, ಏನ್ ದೌಲತ್ತು!' ಎಂದು ಮುಖ ಊದಿಸಿಕೊಂಡು ಡ್ರಮ್ಮಿನ ಮುಂದೆ ಕುಳಿತಳು.

ಚಿಕ್ಕಜಾಜೂರಿನ ರೈಲ್ವೆ ಕ್ವಾರ್ಟರ್ಸಿನ ಹಿತ್ತಲು. 'ಜೋಗಿಮಟ್ಟಿ ಥಂಡರ್ಸ್' ಬ್ಯಾಂಡ್ ಎಂದರೆ ಈಗ ಇವರಿಬ್ಬರೇ. ಹಾಡುತ್ತಿದ್ದ ಮೂರ್ತಪ್ಪ ಆಷಾಢದಲ್ಲಿ ಕಾಮಾಲೆಯಿಂದ ತೀರಿಕೊಂಡ. ಆರ್ಗನ್ ನುಡಿಸುತ್ತಿದ್ದ ಹನುಮಂತಯ್ಯ ಸಿನಿಮಾ ಹಾಡಿನ ಆರ್ಕೆಸ್ಟ್ರಾ ಸೇರಿದ. "ನಿಮ್ ಸ್ವಂತ ಹಾಡು ಕೇಳಾಕೆ ಕುರಿನೂ ನಿಲ್ಲಲ್ಲ ಕಣ್ರಲೇ" ಎಂದಿದ್ದ, ಹೋಗುವಾಗ.

"ನಮ್ ಕುರಿ ನಿಲ್ತವೆ" ಎಂದಿದ್ದಳು, ಕುರಿ ಕಾಯುವವರ ಮಗಳು ನಾಗಕ್ಕ.

ಹಿಂದೊಮ್ಮೆ ಡ್ರಮ್ಮಿನ ಪ್ಲಾಸ್ಟಿಕ್ ಹರಿದಾಗ ಮೇಕೆ ಚರ್ಮ ಕೇಳಿಕೊಂಡು ದುರುಗಣ್ಣ ಅವಳ ಹಟ್ಟಿಗೆ ಬಂದಿದ್ದ. ಅವಳೇ ಬಿಗಿದು, ಹುಲ್ಲಿನ ಬೆಂಕಿಗೆ ಹಿಡಿದು ಕಾಯಿಸಿ, ಬಾರಿಸಿ ತೋರಿಸಿದ್ದಳು. ಅವನು ಬಾಯಿ ಬಿಟ್ಟು ನೋಡಿದ್ದ.

"ಬಾಯಿ ಮುಚ್ಚಪ್ಪ, ನೊಣ ಹೋದಾತು!"

ಅಂದಿನಿಂದ ಕಾಯಿಸುವವಳು ಅವಳು, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು "ಇನ್ನೊಂಚೂರು" ಎನ್ನುವವನು ಅವನು.

ಇವತ್ತು ಸಿಟ್ಟಿಗೆ ಅವಳು ಬೆಂಕಿಯನ್ನೇ ಹಚ್ಚಲಿಲ್ಲ. ಮೋಡದ ತಂಪಿಗೆ ಚರ್ಮ ಒದ್ದೆ ಕಂಬಳಿಯಂತೆ ಜೋತಿತ್ತು. ಬೈಯಲಿ ಎಂದೇ ಬಾರಿಸಿದಳು. ದೊಪ್, ದೊಪ್.

ತಂತಿ ಬಿಗಿದು ಮುಗಿಸಿ ಈಗ ತಿರುಗಿದ. ಅವಳ ಕೈ ನೋಡಿದ, ಕಣ್ಣು ನೋಡಿದ, ನಕ್ಕ. "ಬೊಂಬಾಟಾಗೈತೆ! ನಾಳೆ ಹೊಸದುರ್ಗದಾಗೆ ಹಿಂಗೇ ಬಾರ್ಸು."

ಅವಳ ಕೋಲು ನಿಂತಿತು. ಮುಖ ಪಕ್ಕಕ್ಕೆ ತಿರುಗಿಸಿ, "ಲೇ ದುರುಗ, ನಿನ್ ಅಂಗಿಗೆ ಬೆಂಕಿ ಬಿದ್ದೈತೆ" ಎಂದಳು.

ಅವನು ನಗುತ್ತಲೇ ಇದ್ದ.

ಎದುರು ಹೋಗಿ ಮಂಡಿಯೂರಿದಳು. "ಯಾವಾಗ್ನಿಂದ?"

ಅವನು ಅವಳ ತುಟಿ ನೋಡಿದ. ನಗು ಇಳಿಯಿತು. "ಒಂದ್ ಕಿವಿ ಮೊದ್ಲೇ ಹೋಗಿತ್ತು. ಮೂರ್ತಪ್ಪ ಹೋದ್ ಮ್ಯಾಲೆ ಇನ್ನೊಂದೂ... ದುರ್ಗದ ಡಾಕ್ಟ್ರು ಕೈ ಚೆಲ್ಲಿಬಿಟ್ರು. ನಿನ್ ಕೈ ನೋಡ್ಕಂಡು ನುಡಿಸ್ತಿದ್ದೆ."

"ನಾನು, ನನ್ನ ನೋಡ್ತಾನೆ ಅಂದ್ಕಂಡಿದ್ದೆ."

"ಅದೂ ಹೌದು." ತಲೆ ತಗ್ಗಿಸಿದ. "ನೀನು ಹನುಮಂತಯ್ಯನ್ ಜತೆ ಹೋಗು ನಾಗಿ. ಇಲ್ಲೇನೂ ಉಳಿದಿಲ್ಲ."

ಅವಳು ಡ್ರಮ್ ಎಳೆದು ತಂದು ಅವನ ಬೆನ್ನಿಗೆ ಆನಿಸಿ, ಮೆಲ್ಲಗೆ ಬಾರಿಸಿದಳು.

ಬೆನ್ನು ನಡುಗಿತು. "ಸಡ್ಲ ಐತೆ," ಎಂದ. "ಕಾಯಿಸಿಲ್ಲ ನೀನು."

ಅವಳು ಚರ್ಮಕ್ಕೆ ಬಾಯಿ ತಾಗಿಸಿ ಹೇಳಿದಳು, "ನಿನ್ ಬಿಟ್ಟು ಎಲ್ಲಿಗ್ ಹೋಗ್ಲೋ, ಮಳ್ಳ. ನಿನ್ ಮ್ಯಾಲೇ ಪ್ರಾಣ ಇಟ್ಕಂಡೀನಿ."

"ಏನೋ ಅಂದೆ. ಬೆನ್ನಿಗೆ ತಾಕ್ತು. ಏನಂದೆ?"

ಹೇಳಲೆಂದೇ ಎದುರು ಬಂದಳು. ಅವನ ಕಣ್ಣುಗಳು ಅವಳ ತುಟಿಯಾಡುವುದಕ್ಕೆ ಕಾದವು. ತುಟಿ ಅಳುವಿಗೆ ಸೊಟ್ಟಗಾಯಿತು. ಓದಲು ಅಲ್ಲಿ ಏನೂ ಉಳಿಯಲಿಲ್ಲ.

ಹುಲ್ಲು ತಂದು ಬೆಂಕಿ ಹಚ್ಚಿದಳು. ಡ್ರಮ್ ಕಾಯಿಸಿ ಎತ್ತಿದಾಗಲೆಲ್ಲ ಅವನು ಅಂಗೈ ಒತ್ತಿ ನೋಡಿ, "ಇನ್ನೊಂಚೂರು" ಎಂದ. ಸಾಕೆಂದು ಅವಳ ಕಿವಿಗೆ ಗೊತ್ತಿತ್ತು. ಹೇಳಲು ಮನಸ್ಸು ಬರಲಿಲ್ಲ. ಮತ್ತೆ ಹಿಡಿದಳು.

ಠಪ್ಪೆಂದು ಚರ್ಮ ಬಿರಿಯಿತು. ಆ ಸದ್ದು ಕೇಳಿದ್ದು ಅವಳೊಬ್ಬಳಿಗೇ.

ಅವನು ಅಂಗೈ ಮುಂದೆ ಚಾಚಿ ಇನ್ನೂ ಕಾಯುತ್ತಿದ್ದ. ಅವಳು ಡ್ರಮ್ ಕೆಳಗಿಟ್ಟು, ಆ ಅಂಗೈಯಲ್ಲಿ ತನ್ನ ಕೈ ಇಟ್ಟಳು.